ಆರ್ಥೊಡಾಕ್ಸ್ (ಕಟ್ಟುನಿಟ್ಟಾಗಿ ಸಂಪ್ರದಾಯ ಪಾಲಿಸುವ) ಯಹೂದಿಗಳು ಕ್ರೈಸ್ತರ ಜೊತೆ ಸಂವಾದಕ್ಕೆ ಬರುತ್ತಾರೆ, ದೇವತಾಶಾಸ್ತ್ರದ ಮಾತು ಬಂದರೆ ಹಿಂದೆ ಸರಿಯುತ್ತಾರೆ. ಯಾಕೆ?

ಇದರ ಮೂಲ ಬಹುಮಟ್ಟಿಗೆ ಬಾಸ್ಟನ್‌ನ ರಬ್ಬಿ (ಯಹೂದಿ ಧರ್ಮಗುರು) ಜೋಸೆಫ್ ಸೊಲೊವೈಚಿಕ್ 1964ರಲ್ಲಿ ಬರೆದ ಪ್ರಬಂಧ. ಆಗ ವ್ಯಾಟಿಕನ್ ಯಹೂದಿಗಳ ಕುರಿತ ಘೋಷಣೆಯ ಕರಡು ತಿದ್ದುತ್ತಿತ್ತು. ಅದು 1965ರ ಅಕ್ಟೋಬರ್ 28ರಂದು ಹೊರಬಿತ್ತು. ಸೊಲೊವೈಚಿಕ್ ಗೆರೆ ಎಳೆದದ್ದು ಹೀಗೆ: ಬಡತನ, ನಾಗರಿಕ ಹಕ್ಕು, ನೀತಿಯಂಥ ವಿಷಯಗಳಲ್ಲಿ ಕೈಜೋಡಿಸಬಹುದು, ನಂಬಿಕೆಯ ತಿರುಳನ್ನು ಚರ್ಚೆಗಿಡಬಾರದು. ಬಹುಸಂಖ್ಯಾತರ ಎದುರು ಕೂತ ಸಣ್ಣ ಸಮುದಾಯಕ್ಕೆ ‘ನೀವು ಇದನ್ನು ಬಿಡಿ, ನಾವು ಅದನ್ನು ಬಿಡುತ್ತೇವೆ’ ಎಂಬ ಚೌಕಾಸಿಯ ಒತ್ತಡ ಬರುತ್ತದೆ ಎಂಬುದು ಅವರ ಆತಂಕ. ಉತ್ಪ್ರೇಕ್ಷೆಯೇನಲ್ಲ: ಮಧ್ಯಯುಗದಲ್ಲಿ ಯಹೂದಿಗಳನ್ನು ಕ್ರೈಸ್ತರೊಡನೆ ಬಲವಂತದ ಧರ್ಮವಾದಗಳಿಗೆ ಎಳೆದದ್ದೇ ಇತ್ತು, 1263ರ ಬಾರ್ಸಿಲೋನಾದ್ದು ಪ್ರಸಿದ್ಧ.

ಎಲ್ಲ ಯಹೂದಿಗಳೂ ಇದನ್ನು ಒಪ್ಪುವುದಿಲ್ಲ. ರಬ್ಬಿ ಅಬ್ರಹಾಂ ಜೋಶುವಾ ಹೆಶೆಲ್ ಆ ಘೋಷಣೆಗಾಗಿ ಅದರ ಕರಡಿನ ಹೊಣೆ ಹೊತ್ತಿದ್ದ ವ್ಯಾಟಿಕನ್‌ನ ಕಾರ್ಡಿನಲ್ ಬೆಯಾ ಜೊತೆ ನೇರವಾಗಿ ಮಾತಾಡಿದವರು. 2015ರಲ್ಲಿ ಕೆಲವು ಆರ್ಥೊಡಾಕ್ಸ್ ರಬ್ಬಿಗಳೇ ಕ್ರೈಸ್ತಧರ್ಮದ ಬಗ್ಗೆ ದೇವತಾಶಾಸ್ತ್ರೀಯ ಹೇಳಿಕೆ ಕೊಟ್ಟರು.

ಮಾತು ಮುರಿಯುವುದು ಸಾಮಾನ್ಯವಾಗಿ ಮತಾಂತರದ ವಾಸನೆ ಬಂದಾಗ. 2008ರಲ್ಲಿ ಪೋಪ್ ಬೆನೆಡಿಕ್ಟ್ ಹಳೆಯ ಲ್ಯಾಟಿನ್ ವಿಧಿಯ ಶುಭ ಶುಕ್ರವಾರದ ಪ್ರಾರ್ಥನೆಯನ್ನು ತಿದ್ದಿದರೂ, ಯಹೂದಿಗಳು ಯೇಸುವನ್ನು ಒಪ್ಪಲಿ ಎಂಬ ಆಶಯ ಉಳಿಯಿತು; ಇಟಲಿಯ ರಬ್ಬಿಗಳು ಸಂವಾದ ನಿಲ್ಲಿಸಿದರು.

ಇಂಥ ಸಂವಾದದ ಸಭೆ ಏರ್ಪಡಿಸುವವರು ಶುಕ್ರವಾರ ಸಂಜೆ, ಶನಿವಾರ ಬಿಡಿ; ಅದು ಯಹೂದಿಗಳ ವಿಶ್ರಾಂತಿ ದಿನ. ಚರ್ಚಿನ ಪೂಜಾಂಗಣದ ಬದಲು ಕಾಲೇಜಿನ ಕೋಣೆ ಹಿಡಿಯಿರಿ. ಅನೇಕ ಆರ್ಥೊಡಾಕ್ಸರು ಪೂಜಾಂಗಣಕ್ಕೆ ಕಾಲಿಡುವುದಿಲ್ಲ. ಊಟ ಕೋಷರ್ (ಯಹೂದಿ ಆಹಾರ ನಿಯಮಕ್ಕೆ ತಕ್ಕದ್ದು) ಇರಲಿ. ‘ಸಸ್ಯಾಹಾರ ಸಾಕು’ ಎಂದುಕೊಳ್ಳಬೇಡಿ, ಪಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಅವರನ್ನು ಕೇಳದೆ ಜಂಟಿ ಪ್ರಾರ್ಥನೆಯನ್ನು ಕಾರ್ಯಕ್ರಮಪಟ್ಟಿಗೆ ಸೇರಿಸಲೇಬೇಡಿ.