ಸಿಗ್ನಲ್‌ನಲ್ಲಿ ಸೈಕಲ್‌ಗೆ ಯಾವ ಲೇನ್?

ಬೆಂಗಳೂರಲ್ಲಿ ಈಚೆಗೆ ಆಫೀಸಿಗೆ ಸೈಕಲ್‌ನಲ್ಲಿ ಹೋಗಲು ಶುರು ಮಾಡಿದ್ದೀರಿ. ಎಡಕ್ಕೇ ಅಂಟಿಕೊಂಡು ಹೋದರೂ ದೊಡ್ಡ ಸಿಗ್ನಲ್‌ಗಳಲ್ಲಿ ದಿನಾ ಯಾರಾದರೂ ಅಡ್ಡ ಬರುತ್ತಾರೆ, ಯಾವ ಲೇನ್ ಹಿಡಿಯಲಿ ಅಂತ ಕೇಳಿದ್ದೀರಿ. ತೊಂದರೆ ಇರುವುದೇ ಆ ಅಂಟಿಕೊಳ್ಳುವುದರಲ್ಲಿ.

ಸೈಕಲ್ ಕಲಿಸಿದವರೆಲ್ಲ ನಮಗೆ ಹೇಳಿದ್ದು ಒಂದೇ ಮಾತು, ಎಡಗಡೆ ಹೋಗು. ನೇರ ರಸ್ತೆಯಲ್ಲಿ ಅದು ಸರಿ. ಆದರೆ ನಮ್ಮೂರಿನ ಎಷ್ಟೋ ಸಿಗ್ನಲ್‌ಗಳಲ್ಲಿ ಫ್ರೀ ಲೆಫ್ಟ್ ಇದೆ, ಅಂದರೆ ಕೆಂಪು ದೀಪ ಇದ್ದರೂ ಎಡಕ್ಕೆ ತಿರುಗಬಹುದು. ನೇರ ಹೋಗಬೇಕಾದ ನೀವು ತೀರಾ ಎಡಕ್ಕೆ ನಿಂತರೆ ತಿರುಗುವವರಿಗೆ ಅಡ್ಡ ನಿಂತ ಹಾಗೆ. ಹಿಂದಿನಿಂದ ಹಾರ್ನ್ ಶುರು. ಹಸಿರು ಬಿದ್ದ ಮೇಲೆ ಇನ್ನೂ ಕಷ್ಟ. ನೀವು ನೇರ ಹೊರಡುತ್ತೀರಿ, ಬಲಗಡೆಯಿದ್ದ ಆಟೋ ನಿಮ್ಮ ಮುಂದಿನ ಚಕ್ರ ಸವರಿಕೊಂಡು ಎಡಕ್ಕೆ ಹೊರಳುತ್ತದೆ. ಇಂಡಿಕೇಟರ್ ಬಗ್ಗೆ ಕೇಳಲೇಬೇಡಿ.

ನಾನು ಸಿಗ್ನಲ್ ಇನ್ನೂ ಐವತ್ತು ಅರವತ್ತು ಮೀಟರ್ ಇರುವಾಗಲೇ ಹಿಂದೆ ತಿರುಗಿ ನೋಡುತ್ತೇನೆ. ಜಾಗ ಸಿಕ್ಕ ಕೂಡಲೇ ಬಲಗೈ ಚಾಚಿ, ನೇರ ಹೋಗುವ ಲೇನಿನ ನಡುವಿಗೆ ಬರುತ್ತೇನೆ. ಅಂಚಿಗಲ್ಲ, ನಡುವಿಗೆ. ಅಂಚಿನಲ್ಲಿದ್ದರೆ ಕಾರಿನವರು ಪಕ್ಕದಲ್ಲೇ ತೂರಲು ನೋಡುತ್ತಾರೆ. ನಡುವೆ ನಿಂತರೆ ಬೈದುಕೊಂಡಾದರೂ ಹಿಂದೆ ನಿಲ್ಲುತ್ತಾರೆ. ಬೈದರೆ ಬೈಯಲಿ ಬಿಡಿ. ಸರ್ಕಲ್ ದಾಟಿದ ಮೇಲೆ ಮತ್ತೆ ಎಡಕ್ಕೆ ಸರಿದುಬಿಡಿ.

ಬಸ್ಸಿನ ಎಡಪಕ್ಕಕ್ಕೆ ಮಾತ್ರ ನುಗ್ಗಬೇಡಿ. ನಾನೊಮ್ಮೆ ನುಗ್ಗಿದ್ದೆ. ಬಸ್ ನಿಂತಿತ್ತು, ಫುಟ್‌ಪಾತ್‌ಗೂ ಅದಕ್ಕೂ ನಡುವೆ ನಾಲ್ಕಡಿ ಸಂದು. ಅಷ್ಟರಲ್ಲಿ ಬಸ್ ಎಡಕ್ಕೆ ತಿರುಗಿತು. ಮುಂದಿನ ಚಕ್ರ ನನ್ನಿಂದ ದೂರವೇ ಹೋಯಿತು, ಬಚಾವಾದೆ ಅಂದುಕೊಂಡೆ. ಆದರೆ ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ, ಒಳಗಡೆ ಸರಿಯುತ್ತದೆ ಅಲ್ವಾ? ಆ ಸಂದು ಕಣ್ಣೆದುರೇ ಕಿರಿದಾಗುತ್ತಾ ಬಂತು. ಸೈಕಲ್ ಬಿಟ್ಟು ಫುಟ್‌ಪಾತ್‌ಗೆ ಹಾರಿದೆ. ಎಡಗಡೆ ಪೆಡಲ್ ಕಲ್ಲಿಗೆ ಉಜ್ಜಿದ ಗುರುತು ಇನ್ನೂ ಇದೆ. ಡ್ರೈವರ್‌ಗೆ ನಾನು ಕಂಡೇ ಇರಲಿಲ್ಲ. ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ. ಬಸ್ಸಿನ ಹಿಂದೆಯೇ ನಿಂತುಬಿಡಿ. ಹೊಗೆ ಕುಡಿಯಬೇಕಾಗುತ್ತದೆ, ಏನು ಮಾಡೋದು.

ಇನ್ನು ಬಲಕ್ಕೆ ತಿರುಗುವುದು. ಸಣ್ಣ ರಸ್ತೆಯಾದರೆ ಬಲ ಲೇನಿಗೆ ಹೋಗಿ ಎಲ್ಲರ ಜೊತೆ ತಿರುಗಿ. ಮೂರು ಲೇನ್ ದಾಟುವ ಸಾಹಸ ಮಾತ್ರ ನಾನು ಬಿಟ್ಟಿದ್ದೇನೆ. ಮೊದಲು ನೇರ ದಾಟಿ, ಆಚೆ ಎಡಮೂಲೆಯಲ್ಲಿ ನಿಂತು ಸೈಕಲ್ಲನ್ನು ಬಲಕ್ಕೆ ತಿರುಗಿಸಿಕೊಳ್ಳುತ್ತೇನೆ. ಅಡ್ಡರಸ್ತೆಯವರಿಗೆ ಹಸಿರು ಬಿದ್ದಾಗ ಅವರ ಜೊತೆ ಹೊರಡುತ್ತೇನೆ. ಒಂದು ಸಿಗ್ನಲ್ ಜಾಸ್ತಿ ಕಾಯಬೇಕು, ಅಷ್ಟೇ. ಸೌತ್ ಎಂಡ್ ಸರ್ಕಲ್‌ನಂತೆ ಆರು ರಸ್ತೆ ಸೇರುವ ಕಡೆ ಅದೂ ಬೇಡ. ಸುಮ್ನೆ ಇಳಿದು, ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟುತ್ತೇನೆ.

ಗೇರ್ ಸೈಕಲ್ಲಾದರೆ ನಿಲ್ಲುವ ಮೊದಲೇ ಗೇರ್ ಇಳಿಸಿಕೊಳ್ಳಿ. ಹಸಿರು ಬಿದ್ದಾಗ ಮೊದಲ ಮೂರು ತುಳಿತ ಹಗುರವಾಗಿದ್ದರೆ ಸೈಕಲ್ ಓಲಾಡುವುದಿಲ್ಲ, ಹಿಂದಿನವರಿಗೂ ನೀವು ಎತ್ತ ಹೊರಟಿದ್ದೀರಿ ಅಂತ ಗೊತ್ತಾಗುತ್ತದೆ.