ವೈದ್ಯರೊಂದಿಗೆ ಪ್ರಶ್ನೋತ್ತರ: ಹೆರಿಗೆ ವಾರ್ಡಿನ ಕಲಿಕೆ

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ನೀಟ್-ಪಿಜಿ ಬರೆದಿರುವ ನನ್ನ ಮಗಳು ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗವನ್ನೇ ಓದುತ್ತೇನೆ ಎನ್ನುತ್ತಾಳೆ. ನಿದ್ದೆಯಿಲ್ಲದ ಕೆಲಸ ಬೇಡ, ಚರ್ಮರೋಗ ತೆಗೆದುಕೋ ಎಂದು ಮನೆಯವರು ಹೇಳುತ್ತಿದ್ದೇವೆ. ಅವಳ ಮಾತಿಗೇ ಒಪ್ಪುವುದಾದರೆ ಬೆಂಗಳೂರಿಗೇ ಕಳಿಸಬೇಕೆ, ತುಮಕೂರು, ಕೋಲಾರದ ಕಡೆ ಓದಿದರೆ ಸಾಲದೆ?
— ಒಬ್ಬ ತಂದೆ, ಮಧುಗಿರಿ

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಓದು ಮುಗಿದ ಮೇಲೂ ಹೆರಿಗೆ ಡಾಕ್ಟರಿಗೆ ನಡುರಾತ್ರಿಯ ಫೋನು ತಪ್ಪುವುದಿಲ್ಲ. ಆದರೆ ಇಂಟರ್ನ್‌ಶಿಪ್ಪಿನಲ್ಲಿ ಲೇಬರ್ ರೂಮಿನ ಡ್ಯೂಟಿ ಮಾಡಿ, ಅದರ ದಣಿವನ್ನು ಕಣ್ಣಾರೆ ಕಂಡ ಮೇಲೂ ಇದನ್ನೇ ಕೇಳುತ್ತಿರುವ ಮಗಳನ್ನು ದಯವಿಟ್ಟು ಬೇರೆ ಕಡೆಗೆ ಎಳೆಯಬೇಡಿ.

ಇನ್ನು ಕಾಲೇಜಿನ ವಿಷಯ. ಊರು ಯಾವುದು ಎನ್ನುವುದಕ್ಕಿಂತ ಮೊದಲು ನೀವು ವಿಚಾರಿಸಬೇಕಾದದ್ದು, ರಾತ್ರಿ ಎರಡು ಗಂಟೆಗೆ ಲೇಬರ್ ರೂಮಿನಲ್ಲಿ ಪೀಜಿಯ, ಅಂದರೆ ಸ್ನಾತಕೋತ್ತರ ಓದುತ್ತಿರುವ ವೈದ್ಯೆಯ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನು. ಮಗುವಿನ ತಲೆ ಎಷ್ಟು ಇಳಿದಿದೆ, ಯಾವ ಕಡೆಗೆ ತಿರುಗಿದೆ, ತಲೆಗೆ ಬಟ್ಟಲು ಕಚ್ಚಿಸಿ ಎಳೆಯುವ ವ್ಯಾಕ್ಯೂಮ್ ಹಾಕಿದರೆ ಆದೀತೋ ಅಥವಾ ಸಿಸೇರಿಯನ್ನಿಗೆ ಹೋಗಬೇಕೋ ಎಂಬುದನ್ನೆಲ್ಲ ಬೆರಳ ತುದಿಯಿಂದ ಅರಿಯಬೇಕು. ಆ ಅರಿವು ಬರುವುದು ತಾನು ಪರೀಕ್ಷಿಸಿದ್ದನ್ನು ಅನುಭವಸ್ಥರೊಬ್ಬರು ಅದೇ ಗಳಿಗೆಯಲ್ಲಿ ಮತ್ತೆ ಪರೀಕ್ಷಿಸಿ, ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳಿದಾಗ ಮಾತ್ರ. ಹಿರಿಯರು ಮನೆಯಿಂದ ಫೋನಿನಲ್ಲೇ ಸೂಚನೆ ಕೊಡುವ ಕಡೆ ಹೆರಿಗೆಗಳ ಸಂಖ್ಯೆ ಎಷ್ಟಿದ್ದರೂ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಕಾಲೇಜಿನ ಕಿರುಹೊತ್ತಗೆಯಲ್ಲಿ ಇದು ಇರುವುದಿಲ್ಲ. ಅಲ್ಲಿ ಮೂರನೆಯ ವರ್ಷದಲ್ಲಿ ಓದುತ್ತಿರುವವರನ್ನು ಮಗಳೇ ಕೇಳಲಿ: ಸಿಸೇರಿಯನ್ನನ್ನು ನಿಮ್ಮ ಕೈಯಿಂದ ಮಾಡಿಸುತ್ತಾರೆಯೆ, ಗರ್ಭಕೋಶದ ಶಸ್ತ್ರಚಿಕಿತ್ಸೆಗಳಲ್ಲಿ ನಿಮ್ಮ ಪಾಲು ಎಷ್ಟು, ರಕ್ತನಿಧಿಯೂ ನವಜಾತ ಶಿಶುಗಳ ತೀವ್ರನಿಗಾ ಘಟಕವೂ ಆಸ್ಪತ್ರೆಯೊಳಗೇ ಇವೆಯೆ ಎಂದು.

ತುಮಕೂರಿನ ಶ್ರೀ ಸಿದ್ಧಾರ್ಥ, ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗದ ಎಂ.ಎಸ್. ಇದೆ. ಇವೆರಡೂ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿರುವುದರಿಂದ ಪ್ರವೇಶ ಕೇಂದ್ರದ ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ, ಶುಲ್ಕವೂ ಹೆಚ್ಚು. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗಿ, ಉಳಿದವನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತದೆ. ಎಲ್ಲಿ ಓದಿದರೂ ಈಗ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯ ವ್ಯವಸ್ಥೆಯಲ್ಲಿ ದುಡಿಯುವುದು ಕಡ್ಡಾಯ. ಅದನ್ನು ಶಿಕ್ಷೆಯೆಂದು ಬಗೆಯಬಾರದು. ರಕ್ತಹೀನತೆಯಿಂದ ಬಿಳಿಚಿಕೊಂಡ, ಒಮ್ಮೆಯೂ ಸ್ಕ್ಯಾನಿಂಗ್ ಆಗದ ಬಸುರಿ 108ರಲ್ಲಿ ಬಂದಿಳಿದಾಗ ಇರುವ ಸೌಕರ್ಯದಲ್ಲೇ ಏನು ಮಾಡಬಹುದು ಎಂಬುದನ್ನು ಕಲಿಸುವುದು ಅಂಥ ಜಾಗವೇ.

ಪ್ರಶ್ನೆ: ನನ್ನ ಹೆಂಡತಿ ಚೊಚ್ಚಲ ಬಸುರಿ. ಬಿಪಿ ಹೆಚ್ಚಿರುವುದರಿಂದ ಹೆರಿಗೆಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೇ ಹೋಗಿ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅಲ್ಲಿ ಕಲಿಯುವವರ ಕೈಗೆ ಒಪ್ಪಿಸುತ್ತಾರೆಂದು ನೆಂಟರು ಹೆದರಿಸುತ್ತಿದ್ದಾರೆ.
— ಓದುಗರು, ಚಿಂತಾಮಣಿ

ಉತ್ತರ: ತಾಲ್ಲೂಕು ಆಸ್ಪತ್ರೆಯ ವೈದ್ಯರ ಮಾತನ್ನು ಕೇಳಿ; ತಡಮಾಡಬೇಡಿ. ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಬಳಿ ನೋವು ಕಾಣಿಸಿದರೆ ಹೆರಿಗೆಯ ದಿನಕ್ಕೆ ಕಾಯದೆ ಆ ಕ್ಷಣವೇ ಹೊರಡಿ.

ನೀವು ಕಲಿಯುವವರು ಎನ್ನುತ್ತಿರುವವರು ಎಂಬಿಬಿಎಸ್ ಮುಗಿಸಿ, ನೋಂದಣಿಯಾದ ವೈದ್ಯರೇ. ನೋವು ಬಲವಾದ ಮೇಲೆ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುವುದು, ನಾಲ್ಕು ಗಂಟೆಗೊಮ್ಮೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡಿ ಪಾರ್ಟೋಗ್ರಾಫ್ ಹಾಳೆಯಲ್ಲಿ ಗುರುತಿಸುವುದು, ಮಗು ಹುಟ್ಟಿದ ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು, ರಕ್ತಸ್ರಾವ 500 ಮಿ.ಲೀ. ದಾಟುವ ಮುನ್ನವೇ ಎಚ್ಚೆತ್ತುಕೊಳ್ಳುವುದು, ಇವೆಲ್ಲ ರಾತ್ರಿಯಿಡೀ ಎಚ್ಚರವಿರುವವರಿಂದ ಮಾತ್ರ ಆಗುವ ಕೆಲಸ. ಬಿಪಿ ಏರಿ ಫಿಟ್ಸ್ ಬಂದರೆ ಅದನ್ನು ಹತೋಟಿಗೆ ತರುವ ಮೆಗ್ನೀಸಿಯಂ ಸಲ್ಫೇಟನ್ನು ಆ ಕೂಡಲೇ ಕೊಡಬೇಕಾಗುತ್ತದೆ. ಆಗ ಒಬ್ಬರೇ ಡಾಕ್ಟರಿರುವ ನರ್ಸಿಂಗ್ ಹೋಮಿಗಿಂತ ಹತ್ತಾರು ಕೈಗಳಿರುವ ಕಾಲೇಜು ಆಸ್ಪತ್ರೆ ನಿಮ್ಮ ಹೆಂಡತಿಗೆ ಹೆಚ್ಚಿನ ರಕ್ಷಣೆ.

ಹಾಗೆಂದು ಸುಮ್ಮನಿರಬೇಕಿಲ್ಲ. ಈ ಯೂನಿಟ್ಟಿನ ಹಿರಿಯ ವೈದ್ಯರು ಯಾರು, ಈಗ ಆಸ್ಪತ್ರೆಯಲ್ಲಿದ್ದಾರೆಯೆ ಎಂದು ಕೇಳುವ ಹಕ್ಕು ನಿಮಗಿದೆ. ಪರೀಕ್ಷಿಸುವ ಮುನ್ನ ಆಕೆಯ ಒಪ್ಪಿಗೆ ಪಡೆಯಬೇಕು. ಕಲಿಕೆಗೆಂದು ಒಬ್ಬರಾದ ಮೇಲೊಬ್ಬರು ಒಳಪರೀಕ್ಷೆಗೆ ಬಂದರೆ ಬೇಡವೆನ್ನಬಹುದು. ಅದರಿಂದ ಆಕೆಯ ಚಿಕಿತ್ಸೆಗೆ ಕುಂದು ಬರಕೂಡದು. ಆಕೆಯ ತಾಯಿಯನ್ನೋ ಅಕ್ಕನನ್ನೋ ಹೆರಿಗೆ ಕೋಣೆಯಲ್ಲಿ ಜೊತೆಗಿರಲು ಬಿಡಿ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಾನು ಇದೇ ವಿಭಾಗದ ಮೊದಲ ವರ್ಷದ ಪೀಜಿ. ಬೆಳಿಗ್ಗೆ ಶುರುವಾದ ಡ್ಯೂಟಿ ಮರುದಿನ ಸಂಜೆಗೆ ಮುಗಿಯುತ್ತದೆ. ಇದಕ್ಕೆ ನಿಯಮವೇ ಇಲ್ಲವೆ?
— ಹೆಸರು, ಊರು ಬೇಡ

ಉತ್ತರ: ಇದೆಯಮ್ಮ. ಒಮ್ಮೆಲೇ 12 ಗಂಟೆಗಿಂತ ಹೆಚ್ಚು ಸತತ ದುಡಿಮೆ ಸಾಮಾನ್ಯವಾಗಿ ಕೂಡದು, ವಾರಕ್ಕೆ 48 ಗಂಟೆ ಎಂದು ಕೇಂದ್ರ ಆರೋಗ್ಯ ಸಚಿವಾಲಯದ 1992ರ ರೆಸಿಡೆನ್ಸಿ ಯೋಜನೆಯೇ (ಪೀಜಿಗಳ ಆಸ್ಪತ್ರೆ ಕೆಲಸದ ನಿಯಮಾವಳಿ) ಹೇಳಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಗಂಟೆಗಳ ಲೆಕ್ಕ ಕೊಡದೆ, ನ್ಯಾಯವಾದ ಕೆಲಸದ ಅವಧಿ, ವಿಶ್ರಾಂತಿ, ಕೆಲಸದ ಒತ್ತಡಕ್ಕೊಳಪಟ್ಟು ವಾರಕ್ಕೊಂದು ರಜೆ ಎಂದಷ್ಟೇ ಹೇಳುತ್ತವೆ. ಆ ಸಡಿಲಿನಲ್ಲೇ ನಿಮ್ಮಂಥವರ ನಿದ್ದೆ ಕಳೆದುಹೋಗುತ್ತಿದೆ ಎಂಬುದು ನನಗೆ ಬಹಳ ನೋವಿನ ಸಂಗತಿ, ಏಕೆಂದರೆ ಕಣ್ಣು ಮುಚ್ಚಿಹೋಗುತ್ತಿರುವ ವೈದ್ಯೆ ಎದೆಬಡಿತದ ಇಳಿತವನ್ನು ಗಮನಿಸದೆ ಹೋದರೆ ಅದರ ಫಲ ಉಣ್ಣುವುದು ಒಂದು ಮಗು.

ಒಬ್ಬಳೇ ದೂರು ಕೊಡಲು ಹೆದರಿಕೆಯಾದರೆ ಜೊತೆಯವರೆಲ್ಲ ಸೇರಿ ಡ್ಯೂಟಿಯ ಸಮಯವನ್ನು ತಿಂಗಳ ಮಟ್ಟಿಗೆ ಬರೆದಿಟ್ಟು, ವಿಭಾಗದ ಮುಖ್ಯಸ್ಥರ ಮುಂದೆ ಲಿಖಿತವಾಗಿ ಇಡಿ. ರಾತ್ರಿ ಡ್ಯೂಟಿಯ ಮರುದಿನ ಬೆಳಿಗ್ಗೆ ಕೇಸುಗಳನ್ನು ಮುಂದಿನವರಿಗೆ ಒಪ್ಪಿಸಿ ಹೊರಡುವ ವ್ಯವಸ್ಥೆಯೊಂದನ್ನೇ ಮೊದಲು ಕೇಳಿ. ಅಲ್ಲಿಯವರೆಗೆ, ದಣಿವಿನಿಂದ ತೀರ್ಮಾನ ತೋಚದ ಹೊತ್ತಿನಲ್ಲಿ ಸೀನಿಯರನ್ನು ಎಬ್ಬಿಸಲು ಸಂಕೋಚಪಡಬೇಡಿ; ಅವರು ಗದರಿದರೂ ಸರಿ, ಎಬ್ಬಿಸಿ.