ಆ ಹುಡುಗಿಯ ಪಾಲಿಗೆ ಏನು ಉಳಿಯುತ್ತದೆ?

ಪ್ರಶ್ನೆ: ನನಗೆ 29 ವರ್ಷ. ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತೇನೆ. ನಾಲ್ಕು ವರ್ಷದಿಂದ ಒಬ್ಬ ಹುಡುಗನನ್ನು ಪ್ರೀತಿಸುತ್ತಿದ್ದೇನೆ. ಅವನ ಜೊತೆ ಇದ್ದು ಬಂದ ವಾರ ಪ್ರಭುಭೋಜನದ ರೊಟ್ಟಿಗೆ ಕೈ ಚಾಚಲಾಗದೆ, ಕೆಮ್ಮು ಬಂದವನಂತೆ ಎದ್ದು ಹೊರಗೆ ಹೋಗುತ್ತೇನೆ. ದೇವರ ಆಲಯವಾದ ದೇಹವನ್ನು ಹೊಲಸು ಮಾಡಿಕೊಂಡೆ ಅನಿಸುತ್ತದೆ. ಮದುವೆಯಾದರೆ ಸರಿಹೋಗುತ್ತೆ ಅನ್ನುತ್ತಾರೆ ಪಾಸ್ಟರ್. ಮನೆಯಲ್ಲಿ ಹುಡುಗಿ ನೋಡಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಬೇಡ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಿ, ಇದೊಂದನ್ನು ಮಾತ್ರ ಇವತ್ತೇ ಹೇಳಿಬಿಡಿ. ಕಾರಣ ಬಿಚ್ಚಿಡಬೇಕಿಲ್ಲ, 'ನನಗೆ ಮದುವೆ ಬೇಡ' ಅಂದರೆ ಸಾಕು.

ಸರಿಹೋಗುತ್ತದೆ ಎಂಬ ಭರವಸೆಯ ಗತಿ ಏನಾಯಿತು ಗೊತ್ತೇ? ಪ್ರಾರ್ಥನೆಯಿಂದ ಸಲಿಂಗಿಗಳನ್ನು ಬದಲಿಸುತ್ತೇವೆ ಎಂದು 1976ರಲ್ಲಿ ಹುಟ್ಟಿದ ಅಮೆರಿಕದ ಎಕ್ಸೋಡಸ್ ಇಂಟರ್‌ನ್ಯಾಷನಲ್, ಕೊನೆಗೆ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಹಾಕಿತು. ಅದರ ಮುಖ್ಯಸ್ಥರೇ ಬದಲಾದವರನ್ನು ಹೆಚ್ಚುಕಡಿಮೆ ಕಂಡಿಲ್ಲ ಎಂದು ಒಪ್ಪಿಕೊಂಡಿದ್ದರು. ನಿಮ್ಮ ಪಾಸ್ಟರ್ ಕೇಡು ಬಗೆಯುವವರಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ಅವರ ಮದ್ದಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ದೇಹವೂ ಆಲಯವೇ ಅಲ್ಲವೇ? ತನ್ನಲ್ಲೇ ಏನು ಕೊರತೆಯೋ ಎಂದು ವರ್ಷಗಟ್ಟಲೆ ಕನ್ನಡಿ ನೋಡಿಕೊಳ್ಳುವವಳು ಅವಳು. ನಿಮ್ಮ ಪತ್ರದಲ್ಲಿ ಪಾಪ ಅಂತ ನನಗೆ ಕಣ್ಣಿಗೆ ಹೊಡೆದದ್ದು ಇದೊಂದೇ, ಅದಿನ್ನೂ ನಡೆದಿಲ್ಲ.

ಇನ್ನು ಆ ಆಲಯದ ಮಾತು. ಬೈಬಲ್‌ನಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯವನ್ನು ಪೂರ್ತಿ ಓದಿ. ವೇಶ್ಯೆಯರ ಬಳಿ ಹೋಗಿಬಂದು, ದೇಹದಿಂದ ಏನು ಮಾಡಿದರೇನು ಅನ್ನುತ್ತಿದ್ದವರಿಗೆ ಪೌಲ ಹೇಳಿದ ಮಾತದು. ದೇಹ ಕೊಳಕು ಅಂತಲ್ಲ, ದೇಹಕ್ಕೆ ಬೆಲೆಯಿದೆ ಅಂತ. ನೀವೋ ಅದನ್ನೇ ಹಿಡಿದು ದೇಹವನ್ನು ಹಳಿಯುತ್ತಿದ್ದೀರಿ.

ದೇವರ ರಾಜ್ಯ ಸೇರದವರ ಪಟ್ಟಿ ಕೊಡುವ, ಅದೇ ಅಧ್ಯಾಯದ 9ನೇ ವಚನ ನಿಮ್ಮನ್ನು ಕಾಡುತ್ತಿರಬಹುದು. ಅಲ್ಲಿರುವ ಎರಡು ಗ್ರೀಕ್ ಪದಗಳನ್ನು ಒಟ್ಟುಗೂಡಿಸಿ 'ಹೋಮೋಸೆಕ್ಷುವಲ್ಸ್' ಎಂದು ಇಂಗ್ಲಿಷಿಗೆ ತಂದದ್ದು 1946ರ ಅನುವಾದ. ಗಂಡಸರ ನಡುವಿನ ಎಲ್ಲ ಸಂಭೋಗಕ್ಕೂ ಇದು ನಿಷೇಧ ಎಂದು ಹಲವು ವಿದ್ವಾಂಸರು, ಶೋಷಣೆಯ ಸಂಬಂಧಗಳ ಮಾತಷ್ಟೇ ಎಂದು ಬೇರೆಯವರು. ಚರ್ಚುಗಳಲ್ಲೂ ಒಮ್ಮತವಿಲ್ಲ: ಕ್ಯಾಥೊಲಿಕ್ ಬೋಧನೆ ಸಲಿಂಗಿಗಳಿಗೆ ಬ್ರಹ್ಮಚರ್ಯ ಹೇಳುತ್ತದೆ, ಬ್ರಿಟನ್ನಿನ ಮೆಥಡಿಸ್ಟರು 2021ರಲ್ಲಿ ಸಲಿಂಗ ವಿವಾಹಕ್ಕೆ ಒಪ್ಪಿದರು. ಬ್ರಹ್ಮಚರ್ಯವನ್ನು ತಾವಾಗಿ ಆರಿಸಿಕೊಂಡು ನೆಮ್ಮದಿಯಿಂದಿರುವ ಸಲಿಂಗಿ ಕ್ರೈಸ್ತರೂ ಇದ್ದಾರೆ, ಅವರ ಬಗ್ಗೆ ಹಗುರವಾಗಿ ಮಾತಾಡಲಾರೆ. ಹೆದರಿ ಕೆಮ್ಮುತ್ತಾ ಹೊರಗೆ ಹೋಗುವುದು ಮಾತ್ರ ಬ್ರಹ್ಮಚರ್ಯವಲ್ಲ.

ನನ್ನನ್ನು ಕೇಳಿದರೆ, ಸಂಗಾತಿ ಯಾರೇ ಇರಲಿ, ನೋಡಬೇಕಾದ್ದು ಇಷ್ಟು: ನಿಷ್ಠೆ ಇದೆಯೇ, ಸುಳ್ಳಿಲ್ಲವೇ, ಒಬ್ಬರನ್ನೊಬ್ಬರು ಬಳಸಿ ಬಿಸಾಡುತ್ತಿಲ್ಲವೇ. ಇದನ್ನು ನಿಮ್ಮಿಬ್ಬರ ವಿಷಯದಲ್ಲಿ ಹೇಳಲು ನನಗಾಗುತ್ತಿಲ್ಲ. ನಾಲ್ಕು ವರ್ಷದಿಂದ ನೀವು ಪ್ರೀತಿಸುತ್ತಿರುವ ಆ ಹುಡುಗನಿಗೆ ಪತ್ರದಲ್ಲಿ ಸಿಕ್ಕಿರುವುದು ಎರಡೇ ಸಾಲು. ಹುಡುಗಿ ನೋಡಿರುವ ಸಂಗತಿ ಅವನಿಗೆ ಗೊತ್ತೇ?